ಒಂದೇ ಡಿಸ್ಟಿಲರಿ, ನಾಲ್ಕು ಗ್ಲಾಸು: ಸಿಂಗಲ್ ಮಾಲ್ಟ್ ಹೋಲಿಸಿ ನೋಡೋದು ಹೇಗೆ

ಸಿಂಗಲ್ ಮಾಲ್ಟ್ ಬಗ್ಗೆ ಸ್ವಲ್ಪ ತಿಳ್ಕೋಬೇಕು ಅಂತ ಶುರು ಮಾಡೋರು ಸಾಮಾನ್ಯವಾಗಿ ಏನ್ಮಾಡ್ತಾರೆ ಅಂದ್ರೆ ಸ್ಕಾಟ್ಲೆಂಡಿನ ಐಲಾ ದ್ವೀಪದ್ದು ಒಂದು, ಸ್ಪೇಸೈಡ್‌ದು ಒಂದು, ಹೈಲ್ಯಾಂಡ್‌ದು ಒಂದು ಅಂತ ಮೂರು ಬೇರೆ ಬೇರೆ ಕಡೆಯ ಬಾಟ್ಲಿ ಟೇಬಲ್ ಮೇಲಿಟ್ಕೊಂಡು ಕೂತ್ಬಿಡ್ತಾರೆ. ಮಜಾ ಬರತ್ತೆ, ಇಲ್ಲ ಅನ್ನಲ್ಲ, ಆದ್ರೆ ಕಲಿಯೋದು ಕಮ್ಮಿ. ಯಾಕಂದ್ರೆ ಅಲ್ಲಿ ನೀರು, ಹೊಗೆ, ಸ್ಟಿಲ್ಲಿನ (ಕುದಿಸಿ ಆವಿ ಇಳಿಸೋ ಪಾತ್ರೆ) ಆಕಾರ, ಪೀಪಾಯಿ, ವಯಸ್ಸು ಎಲ್ಲಾನೂ ಒಟ್ಟಿಗೇ ಬದಲಾಗಿರತ್ತೆ, ನಾಲಿಗೆಗೆ ಸಿಕ್ಕಿದ ವ್ಯತ್ಯಾಸ ಇದ್ರಲ್ಲಿ ಯಾವುದ್ರಿಂದ ಬಂತು ಅಂತ ಹೇಳೋದಕ್ಕೇ ಆಗಲ್ಲ. ಒಂದೇ ಡಿಸ್ಟಿಲರಿಯ ಮೂರ್ನಾಲ್ಕು ಬಾಟ್ಲಿ ತಗೊಂಡ್ರೆ ಮುಕ್ಕಾಲು ಪಾಲು ವಿಷಯ ಹಾಗೇ ನಿಂತಿರತ್ತೆ, ಒಂದೋ ಎರಡೋ ಮಾತ್ರ ಬದಲಾಗತ್ತೆ. ಆ ಒಂದೆರಡನ್ನ ಹಿಡಿಯೋದು ಹೇಗೆ ಅನ್ನೋದೇ ಇಲ್ಲಿ ವಿಷಯ.

ಗೊತ್ತಿಲ್ದೋರಿಗೆ ಒಂದೇ ಉಸಿರಲ್ಲಿ ಹೇಳ್ಬಿಡ್ತೀನಿ: ಸಿಂಗಲ್ ಮಾಲ್ಟ್ ಸ್ಕಾಚ್ ಅಂದ್ರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ, ತಾಮ್ರದ ಪಾಟ್ ಸ್ಟಿಲ್ಲಲ್ಲಿ ಇಳಿಸಿ, ಸ್ಕಾಟ್ಲೆಂಡಲ್ಲೇ ಓಕ್ ಪೀಪಾಯಿಯೊಳಗೆ ಕಮ್ಮಿ ಅಂದ್ರೂ 3 ವರ್ಷ ಇಟ್ಟು, ಆಲ್ಕೋಹಾಲ್ 40% ಗಿಂತ ಕಮ್ಮಿ ಇಲ್ದಂಗೆ ಬಾಟ್ಲಿ ಮಾಡಿದ ವಿಸ್ಕಿ. ಅಷ್ಟು ಸಾಕು ಮುಂದಕ್ಕೆ ಹೋಗಕ್ಕೆ.

ಯಾವ ಡಿಸ್ಟಿಲರಿ?

ನಾನು ಹೇಳೋದು ಗ್ಲೆನ್‌ಮೋರಂಜಿ. ಇದೇ ಜಗತ್ತಲ್ಲಿ ಬೆಸ್ಟ್ ಅಂತಲ್ಲ (ಅಲ್ಲ ಅನ್ನೋರು ಬೇಕಾದಷ್ಟು ಜನ ಇದ್ದಾರೆ, ನಾನೂ ಕುಡಿಯಕ್ಕೆ ಅಂತ ಆರಿಸ್ಕೊಳ್ಳೋವಾಗ ಬೇರೆ ಕಡೆ ಕೈ ಹಾಕ್ತೀನಿ), ಆದ್ರೆ ಕಲಿಯಕ್ಕೆ ಇಷ್ಟು ಅನುಕೂಲವಾಗಿ ಬಾಟ್ಲಿ ಜೋಡಿಸಿಟ್ಟಿರೋರು ಕಮ್ಮಿ. ಇನ್ವರ್‌ನೆಸ್‌ನಿಂದ ಉತ್ತರಕ್ಕೆ, ಸಮುದ್ರದ ಅಳಿವೆ ಪಕ್ಕ ಟೇನ್ ಅನ್ನೋ ಸಣ್ಣ ಊರು, ಅಲ್ಲಿ 1843ರಲ್ಲಿ ಶುರುವಾಗಿದ್ದು. ಶುರು ಮಾಡ್ದೋರು ಹೊಸ ಸ್ಟಿಲ್ ಮಾಡಿಸ್ಲಿಲ್ಲ, ಲಂಡನ್ನಿಂದ ಜಿನ್ ಇಳಿಸೋ ಸೆಕೆಂಡ್ ಹ್ಯಾಂಡ್ ಸ್ಟಿಲ್ ತಂದ್ರು, ಅದ್ರ ಕುತ್ತಿಗೆ ಉದ್ದ. ಇವತ್ತಿಗೂ ಅದೇ ಆಕಾರ ಇಟ್ಕೊಂಡಿದ್ದಾರೆ, ಕುತ್ತಿಗೆ 5.14 ಮೀಟರ್, ಅಂದ್ರೆ ಹತ್ತಿರತ್ತಿರ 17 ಅಡಿ, ಸ್ಕಾಟ್ಲೆಂಡಲ್ಲೇ ಅತಿ ಎತ್ತರದ್ದು, ಅದಕ್ಕೇ ಜಿರಾಫೆ ಚಿತ್ರ ಹಾಕ್ಕೊಂಡು ಓಡಾಡ್ತಾರೆ. ಇದ್ರಿಂದ ಆಗೋದೇನಪ್ಪಾ ಅಂದ್ರೆ ಕುದಿಯೋವಾಗ ಭಾರದ, ಎಣ್ಣೆ ಎಣ್ಣೆಯಾಗಿರೋ ಆವಿ ಅಷ್ಟು ಮೇಲೆ ಹತ್ತಕ್ಕಾಗದೆ ತಾಮ್ರಕ್ಕೆ ತಾಗಿ ತಣ್ಣಗಾಗಿ ವಾಪಸ್ ಕೆಳಗೆ ಬೀಳತ್ತೆ, ಹಗುರವಾಗಿರೋದು ಮಾತ್ರ ದಾಟಿ ಹೋಗತ್ತೆ, ಹಾಗಾಗಿ ಸ್ಪಿರಿಟ್ಟು ಹಣ್ಣು ಹೂವಿನ ಕಡೆಯದ್ದಾಗಿ, ತೆಳ್ಳಗೆ ಬರತ್ತೆ. ತೆಳ್ಳಗಿರೋದ್ರಿಂದ ಪೀಪಾಯಿ ಏನು ಮಾಡಿದ್ರೂ ಎದ್ದು ಕಾಣತ್ತೆ, ಅದೇ ನಮಗೆ ಬೇಕಾಗಿರೋದು.

ತಗೋಬೇಕಾಗಿರೋದು ಇಷ್ಟು: ಒರಿಜಿನಲ್, ಲಸಾಂಟಾ, ಕ್ವಿಂಟಾ ರುಬಾನ್, ಆಮೇಲೆ ನೆಕ್ಟಾರ್. ಒರಿಜಿನಲ್ ಪೂರ್ತಿ ಅಮೆರಿಕದ ಬರ್ಬನ್ ವಿಸ್ಕಿ ಮೊದಲು ಇಟ್ಟಿದ್ದ ಪೀಪಾಯಲ್ಲೇ ಇದ್ದಿದ್ದು. ಉಳಿದ ಮೂರೂ ಅದೇ ಸ್ಪಿರಿಟ್, ಅದೇ ಬರ್ಬನ್ ಪೀಪಾಯಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಬೇರೆ ಪೀಪಾಯಿಗೆ ಬದಲಾಯ್ಸಿದ್ದು. ಲಸಾಂಟಾ ಹೋಗಿದ್ದು ಸ್ಪೇನಿನ ಶೆರಿ ವೈನಿನ ಪೀಪಾಯಿಗೆ, ಕ್ವಿಂಟಾ ರುಬಾನ್ ಪೋರ್ಚುಗಲ್ಲಿನ ರೂಬಿ ಪೋರ್ಟ್ ವೈನಿನ ಪೀಪಾಯಿಗೆ, ನೆಕ್ಟಾರ್ ಫ್ರಾನ್ಸಿನ ಸೊಟೆರ್ನ್ ಥರದ ಸಿಹಿ ವೈನಿನ ಪೀಪಾಯಿಗೆ. ಇದಕ್ಕೆ ಫಿನಿಶಿಂಗ್ ಅಂತಾರೆ, ಇದನ್ನ ದೊಡ್ಡದಾಗಿ ಮಾರ್ಕೆಟ್‌ಗೆ ತಂದೋರಲ್ಲಿ ಇವರು ಮೊದಲಿಗರ ಪೈಕಿ.

ನಾಲ್ಕೂ ಫುಲ್ ಬಾಟ್ಲಿ ತಗೊಂಡ್ರೆ ಜೇಬು ಹರಿಯತ್ತೆ, ಬೇಡ. ಇವರದ್ದೇ 10 ಸೆಂಟಿಲೀಟರಿನ ನಾಲ್ಕು ಸಣ್ಣ ಬಾಟ್ಲಿ ಇರೋ ಗಿಫ್ಟ್ ಪ್ಯಾಕ್ ಬರತ್ತೆ, ಯಾರಾದ್ರೂ ಫಾರಿನ್ನಿಂದ ಬರೋರಿದ್ರೆ ಅದನ್ನ ತರೋದಕ್ಕೆ ಹೇಳಿ, 100 ಎಂಎಲ್ ಅಂದ್ರೆ ಒಬ್ಬೊಬ್ಬರಿಗೆ 20 ಎಂಎಲ್ ಲೆಕ್ಕದಲ್ಲಿ ಐದು ಜನಕ್ಕೆ ಸರಿಯಾಗತ್ತೆ. ಇಲ್ಲಾಂದ್ರೆ ನಾಲ್ಕು ಜನ ಫ್ರೆಂಡ್ಸ್ ತಲಾ ಒಂದೊಂದು ಬಾಟ್ಲಿ ಹಾಕ್ಕೊಳ್ಳಿ, ಅದೇ ಒಳ್ಳೇದು. ಹೊರಗಿಂದ ಬರೋರಿಗೆ ತಲಾ 2 ಲೀಟರ್ ತನಕ ಡ್ಯೂಟಿ ಇಲ್ದೆ ತರಕ್ಕೆ ಅವಕಾಶ ಇದೆ ಅನ್ನೋದನ್ನೂ ನೆನಪಿಸಿ.

ಲೇಬಲ್ ಓದದೇ ಮುಚ್ಚಳ ತೆಗೀಬೇಡಿ

ಇಲ್ಲೇ ಬಹಳ ಜನ ಎಡವೋದು. ಬಾಟ್ಲಿ ಮೇಲೆ ಎರಡು ನಂಬರ್ ನೋಡಿ, ವಯಸ್ಸು ಒಂದು, ಆಲ್ಕೋಹಾಲ್ ಶೇಕಡಾ ಒಂದು. ಒರಿಜಿನಲ್ ಬಹಳ ವರ್ಷ 10 ವರ್ಷದ್ದಾಗಿತ್ತು, 2024ರಲ್ಲಿ 12 ಮಾಡಿದ್ರು. ಕ್ವಿಂಟಾ ರುಬಾನ್ ಮೊದಲು 12, ಈಗ 14, ಅದ್ರಲ್ಲಿ 10 ವರ್ಷ ಬರ್ಬನ್ ಪೀಪಾಯಿ, 4 ವರ್ಷ ಪೋರ್ಟ್. 12 ವರ್ಷದ ಲಸಾಂಟಾ ಸಿಕ್ಕಿದ್ರೆ ಅದು 10 ವರ್ಷ ಬರ್ಬನ್, 2 ವರ್ಷ ಶೆರಿ. ನೆಕ್ಟಾರ್ ಹಳೇ ಬಾಟ್ಲಿ ಆದ್ರೆ ನೆಕ್ಟಾರ್ ಡೋರ್ ಅಂತ ಹೆಸರು, ಹೊಸದ್ರಲ್ಲಿ 16 ವರ್ಷ ಅಂತ ಇರತ್ತೆ. ಅಂಗಡಿಯಲ್ಲಿ ಹಳೇದು ಹೊಸದು ಎರಡೂ ಪಕ್ಕಪಕ್ಕದಲ್ಲೇ ಇರ್ಬಹುದು, ಡಬ್ಬದ ಬಣ್ಣ ನೋಡಿ ಎತ್ಕೋಬೇಡಿ. ಸಾಧ್ಯವಾದಷ್ಟು ಹತ್ತಿರದ ವಯಸ್ಸಿನವು ಹುಡುಕಿ, ಸಿಗ್ಲಿಲ್ಲ ಅಂದ್ರೆ ಪರವಾಗಿಲ್ಲ, ಆದ್ರೆ 16 ವರ್ಷದ್ದನ್ನ 10 ವರ್ಷದ್ದರ ಪಕ್ಕ ಇಟ್ಟು "ಸೊಟೆರ್ನ್ ಪೀಪಾಯಿಂದ ಇಷ್ಟು ಮೆತ್ತಗಾಯ್ತು" ಅಂತ ತೀರ್ಪು ಕೊಡ್ಬೇಡಿ, ಆ ಮೆತ್ತಗೆ ವಯಸ್ಸಿನದ್ದೂ ಇರ್ಬಹುದು.

ಇನ್ನು ಶೇಕಡಾ. ಒರಿಜಿನಲ್ ಸಾಮಾನ್ಯವಾಗಿ 40%, ಲಸಾಂಟಾ 43%, ಕ್ವಿಂಟಾ ರುಬಾನ್ 46%. ಕೆಲವು ದೇಶಕ್ಕೆ ಹೋಗೋ ಬಾಟ್ಲಿಯಲ್ಲಿ ಬೇರೆ ಇರತ್ತೆ, ನಿಮ್ಮ ಕೈಯಲ್ಲಿರೋ ಲೇಬಲ್ಲೇ ಪ್ರಮಾಣ. ಆರು ಪರ್ಸೆಂಟ್ ಏನ್ ಮಹಾ ಅನ್ಸತ್ತೆ, ಆದ್ರೆ ಕಣ್ಣು ಕಟ್ಟಿ ಕುಡಿಸಿದ್ರೆ ಸುಮಾರು ಜನ 46% ಇರೋದನ್ನೇ "ಇದ್ರಲ್ಲಿ ಫ್ಲೇವರ್ ಜಾಸ್ತಿ, ಇದು ಕಾಸ್ಟ್ಲಿ ಇರ್ಬೇಕು" ಅಂತ ಆರಿಸ್ತಾರೆ. ಅಂದ್ರೆ ಅವರು ಹೋಲಿಸಿದ್ದು ಪೋರ್ಟ್ ಪೀಪಾಯಿನಲ್ಲ, ಆಲ್ಕೋಹಾಲ್‌ನ.

ಅದಕ್ಕೆ ನೀರು ಹಾಕಿ ಎಲ್ಲಾನೂ 40% ಗೆ ಸಮ ಮಾಡ್ಕೋಬೇಕು, ಮೆಡಿಕಲ್ ಶಾಪಿಗೆ ಹೋಗಿ 5 ಎಂಎಲ್ ಸಿರಿಂಜ್ ಒಂದು ತಗೊಂಬನ್ನಿ, ಸೂಜಿ ಬೇಡ. ಲೆಕ್ಕ ತುಂಬಾ ಸುಲಭ: ವಿಸ್ಕಿ ಎಷ್ಟು ಎಂಎಲ್ ಇದೆಯೋ ಅದನ್ನ ಅದ್ರ ಶೇಕಡಾದಿಂದ ಗುಣಿಸಿ, ಬೇಕಾದ ಶೇಕಡಾದಿಂದ ಭಾಗಿಸಿ, ಬಂದಿದ್ರಲ್ಲಿ ಮೊದಲಿದ್ದ ಎಂಎಲ್ ಕಳೆದ್ರೆ ಎಷ್ಟು ನೀರು ಹಾಕ್ಬೇಕು ಅಂತ ಸಿಗತ್ತೆ. 46% ಇರೋದು 20 ಎಂಎಲ್ ಇದ್ರೆ, 20 ಇಂಟು 46 ಭಾಗಿಸು 40, ಅಂದ್ರೆ 23, ಹಾಗಾಗಿ 3 ಎಂಎಲ್ ನೀರು. 43% ಇರೋದಕ್ಕೆ ಒಂದೂವರೆ ಎಂಎಲ್. 40% ದಕ್ಕೆ ಏನೂ ಬೇಡ. ಸಿರಿಂಜಲ್ಲಿ ಗೆರೆ ನೋಡ್ಕೊಂಡು ಗ್ಲಾಸಿನ ಅಂಚಿಂದ ನಿಧಾನಕ್ಕೆ ಬಿಡಿ, ಹತ್ತು ನಿಮಿಷ ಹಾಗೇ ಬಿಡಿ. ನೀರು ಬಿದ್ದಾಗ ಒಳಗೆ ಎಣ್ಣೆ ಹರಿದಾಡಿದಂಗೆ ಗೆರೆ ಗೆರೆ ಕಾಣತ್ತೆ, ಅದು ನೀರೂ ಆಲ್ಕೋಹಾಲೂ ಬೆರೆಯೋವಾಗ ಬೆಳಕು ವಕ್ರವಾಗೋದು, ಕಲಬೆರಕೆ ಏನಲ್ಲ. 46% ದಕ್ಕೆ ನೀರು ಹಾಕಿದ್ಮೇಲೆ ಸ್ವಲ್ಪ ಮಬ್ಬು ಮಬ್ಬಾದ್ರೂ ಗಾಬರಿ ಬೇಡ, ತಣ್ಣಗೆ ಮಾಡಿ ಸೋಸದೇ ಇರೋ ವಿಸ್ಕಿಯಲ್ಲಿ ಕೆಲವು ಕೊಬ್ಬಿನಂಶ ಉಳಿದಿರತ್ತೆ, ಶೇಕಡಾ ಇಳಿದಾಗ ಅದು ಕಾಣಿಸ್ಕೊಳ್ಳತ್ತೆ, ರುಚಿಗೆ ಒಳ್ಳೇದೇ.

"ಸಿಂಗಲ್ ಮಾಲ್ಟಿಗೆ ನೀರು ಹಾಕೋದಾ?" ಅಂತ ಮೂಗು ಮುರಿಯೋ ಒಬ್ಬ ಗ್ಯಾಂಗಲ್ಲಿ ಇದ್ದೇ ಇರ್ತಾನೆ. ಸ್ಕಾಟ್ಲೆಂಡಿನ ವಿಸ್ಕಿ ಬೆರೆಸೋ ಬ್ಲೆಂಡರ್‌ಗಳು ಕೆಲಸದಲ್ಲಿ ಮೂಸಿ ನೋಡೋವಾಗ 20% ತನಕ ನೀರು ಹಾಕಿ ಇಳಿಸ್ಕೊಳ್ತಾರೆ, ಅವನಿಗೆ ಅದನ್ನ ಹೇಳಿ.

ಜಾಗ, ಗ್ಲಾಸು, ಹೊಟ್ಟೆ

ಒಗ್ಗರಣೆ ಹಾಕ್ತಿರೋ ಮನೇಲಿ ಕೂರ್ಬೇಡಿ, ಇಂಗು ಬೆಳ್ಳುಳ್ಳಿ ಮುಂದೆ ಯಾವ ಮಾಲ್ಟೂ ನಿಲ್ಲಲ್ಲ. ಊದುಬತ್ತಿ, ಸೊಳ್ಳೆ ಬತ್ತಿ, ಸೆಂಟು ಮೂರೂ ಬೇಡ. ಕೈ ತೊಳೆಯೋದಾದ್ರೆ ಬರೀ ನೀರಲ್ಲಿ. ಊಟ ಎರಡು ಗಂಟೆ ಮುಂಚೆ ಮುಗ್ಸಿರಿ, ಖಾಲಿ ಹೊಟ್ಟೆ ಖಂಡಿತ ಬೇಡ. ನೆಂಚ್ಕೊಳಕ್ಕೆ ಕಾಂಗ್ರೆಸ್ ಕಡ್ಲೆಬೀಜ ಇಲ್ದೆ ಆಗಲ್ಲ ಅನ್ನೋರಿಗೆ ಒಂದೇ ಮಾತು, ಕೊನೆ ಗ್ಲಾಸ್ ಮುಗಿಯೋ ತನಕ ತಡ್ಕೊಳ್ಳಿ, ಮಧ್ಯ ಬಾಯಿ ಕ್ಲೀನ್ ಮಾಡಕ್ಕೆ ಉಪ್ಪಿಲ್ಲದ ಬ್ರೆಡ್ ತುಂಡು, ನೀರು ಸಾಕು. ನೀರು ಬೋರ್‌ವೆಲ್‌ದು ಬೇಡ, ಗಡಸು ನೀರಿನ ರುಚಿ ಬರತ್ತೆ, ಬಾಟ್ಲಿ ನೀರು ಫ್ರಿಡ್ಜಿಗೆ ಇಡ್ದೆ ಬಳಸಿ. ಐಸ್ ಬೇಡ, ತಣ್ಣಗಾದ್ರೆ ವಾಸನೆ ಏಳಲ್ಲ.

ಗ್ಲಾಸು ಕೆಳಗೆ ಹೊಟ್ಟೆ ಅಗಲ ಇದ್ದು ಮೇಲೆ ಬಾಯಿ ಕಿರಿದಾಗಿರೋದು ಬೇಕು. ಗ್ಲೆನ್‌ಕೇರ್ನ್ ಅನ್ನೋ ವಿಸ್ಕಿ ಗ್ಲಾಸ್ ಇದ್ರೆ ಸರಿ, ಇಲ್ಲಾಂದ್ರೆ ಸಣ್ಣ ವೈನ್ ಗ್ಲಾಸೂ ನಡಿಯತ್ತೆ, ಆದ್ರೆ ನಾಲ್ಕೂ ಒಂದೇ ಥರದ್ದಿರ್ಲಿ. ಬಾರಲ್ಲಿ ಕೊಡೋ ಅಗಲ ಬಾಯಿ ಗ್ಲಾಸಲ್ಲಿ ವಾಸನೆ ಎಲ್ಲ ಸೀಲಿಂಗಿಗೆ ಹೋಗತ್ತೆ. ತೊಳೆದ ಮೇಲೆ ಒಂದ್ಸಲ ಖಾಲಿ ಗ್ಲಾಸನ್ನೇ ಮೂಸಿ ನೋಡಿ, ಬೀರುವಲ್ಲಿ ಬಹಳ ದಿನ ಇದ್ದ ಗ್ಲಾಸಿಗೆ ಮರದ ಹಲಗೆ, ನುಸಿಗುಳಿಗೆ ವಾಸನೆ ಹಿಡಿದಿರತ್ತೆ.

ಒಂದೊಂದ್ರಲ್ಲಿ 20 ಎಂಎಲ್, ನಾಲ್ಕಾದ್ರೆ 80, ಅಂದ್ರೆ ಎರಡೂವರೆ ಸ್ಮಾಲ್ ಪೆಗ್ಗಿಗಿಂತ ಜಾಸ್ತೀನೇ ಆಯ್ತು, ಅದಕ್ಕೆ ಮೇಲೆ ಹೋಗ್ಬೇಡಿ. ಮೂರನೇ ಗ್ಲಾಸ್ ಹೊತ್ತಿಗೆ ಎಲ್ಲಾ ಚೆನ್ನಾಗಿರೋ ಥರ ಅನ್ಸಕ್ಕೆ ಶುರುವಾಗತ್ತೆ, ಹೋಲಿಕೆ ಅಲ್ಲಿಗೆ ಖತಂ. ಉಗಿಯಕ್ಕೆ ಒಂದು ಸ್ಟೀಲ್ ಮಗ್ ಇಡಿ, ನಾಚ್ಕೋಬೇಡಿ, ಆಮೇಲೆ ಮನೆಗೆ ಗಾಡಿ ಓಡಿಸ್ಕೊಂಡು ಹೋಗೋದಂತೂ ಉಗಿದ್ರೂ ಬೇಡ, ಆಟೋ ಮಾಡ್ಕೊಳ್ಳಿ.

ಮೊದಲು ಮೂಗು

ನಾಲ್ಕೂ ಒಟ್ಟಿಗೆ ಸುರಿದು, ಮೇಲೆ ಸಣ್ಣ ತಟ್ಟೆ ಮುಚ್ಚಿಡಿ. ಆರ್ಡರ್ ಹೀಗೆ: ಒರಿಜಿನಲ್, ನೆಕ್ಟಾರ್, ಲಸಾಂಟಾ, ಕ್ವಿಂಟಾ ರುಬಾನ್. ತೆಳುವಿಂದ ದಪ್ಪಕ್ಕೆ ಹೋಗೋ ದಾರಿ ಅದು. ಒಂದು ರೌಂಡ್ ಮುಗಿದ ಮೇಲೆ ಕಡ್ಡಾಯವಾಗಿ ಉಲ್ಟಾ ಬನ್ನಿ, ಯಾಕಂದ್ರೆ ಪೋರ್ಟ್ ಆದ್ಮೇಲೆ ಒರಿಜಿನಲ್ ಮೂಸಿದ್ರೆ ಅದ್ರಲ್ಲಿರೋ ಕಿತ್ತಳೆ, ವೆನಿಲ್ಲಾ ಎರಡೂ ಮೊದಲಿಗಿಂತ ಜೋರಾಗಿ ಎದ್ದು ಬರತ್ತೆ, ಮೊದಲನೇ ಸಲ ಅದು ಬರೀ "ವಿಸ್ಕಿ ವಾಸನೆ" ಅನ್ಸಿರತ್ತೆ.

ವೈನ್ ಥರ ಗ್ಲಾಸೊಳಗೆ ಮೂಗು ತುರುಕಿದ್ರೆ ಆಲ್ಕೋಹಾಲ್ ಹೊಡೆದು ಐದು ನಿಮಿಷ ಮೂಗು ಸತ್ತೋಗತ್ತೆ. ಗಲ್ಲದ ಹತ್ರ ಹಿಡಿದು ನಿಧಾನಕ್ಕೆ ಮೇಲೆ ತನ್ನಿ, ಬಾಯಿ ಸ್ವಲ್ಪ ತೆಗೆದಿಟ್ಕೊಳ್ಳಿ, ಸಣ್ಣ ಸಣ್ಣದಾಗಿ ಮೂಸಿ. ಜೋರಾಗಿ ಅಲ್ಲಾಡಿಸೋದು ಬೇಡ. ಮೂಗು ಸುಸ್ತಾದ್ರೆ ಕಾಫಿ ಪುಡಿ ಮೂಸಿ ಅಂತ ಕೆಲವರು ಹೇಳ್ತಾರೆ, ನಂಗೆ ಅದು ಇನ್ನೊಂದು ವಾಸನೆ ತುಂಬಿದಂಗೆ, ಸುಮ್ನೆ ನಿಮ್ಮ ಮೊಣಕೈ ಒಳಗಿನ ಚರ್ಮ ಮೂಸಿದ್ರೆ ಸಾಕು.

ಪುಸ್ತಕದಲ್ಲಿರೋ ವಾಸನೆ ಹುಡುಕಕ್ಕೆ ಹೋಗ್ಬೇಡಿ. ಹೀದರ್ ಹೂವು, ಗೂಸ್‌ಬೆರಿ ಅಂತ ಓದಿರ್ತೀರ, ಜೀವನದಲ್ಲಿ ಮೂಸಿರಲ್ಲ. ಕಿತ್ತಳೆ ಸಿಪ್ಪೆ ಹಿಂಡಿದಾಗ ಚಿಮ್ಮೋ ಎಣ್ಣೆ, ರಸಬಾಳೆ, ಹಲಸಿನ ತೊಳೆ, ಜೋನಿ ಬೆಲ್ಲ, ಒಣದ್ರಾಕ್ಷಿ ತುಪ್ಪದಲ್ಲಿ ಹುರಿದಿದ್ದು, ಕೊಬ್ಬರಿ, ಜಾಕಾಯಿ, ಹಳೇ ಮರದ ಪೆಟ್ಟಿಗೆ ತೆಗೆದಾಗ ಬರೋ ವಾಸನೆ, ಇವೆಲ್ಲ ನಮಗೆ ಗೊತ್ತಿರೋವು, ಇವೆಲ್ಲ ನಿಜವಾಗ್ಲೂ ವಿಸ್ಕಿಯಲ್ಲಿ ಸಿಗ್ತವೆ. ಸುಮ್ನೆ ಭ್ರಮೆ ಅಲ್ಲ, ಹುದುಗೋವಾಗ ಹುಟ್ಟೋ ಐಸೋಅಮೈಲ್ ಅಸಿಟೇಟ್ ಅನ್ನೋ ಎಸ್ಟರ್ರೇ ಬಾಳೆಹಣ್ಣಿನ ವಾಸನೆಗೂ ಕಾರಣ, ವೆನಿಲ್ಲಾ ವಾಸನೆಯ ವೆನಿಲಿನ್ ಸುಟ್ಟ ಓಕ್ ಮರದಿಂದಲೇ ಬರತ್ತೆ, ಅಮೆರಿಕನ್ ಓಕ್‌ನಲ್ಲಿರೋ ಲ್ಯಾಕ್ಟೋನ್ ಅನ್ನೋದು ಕೊಬ್ಬರಿ ವಾಸನೆ ಕೊಡತ್ತೆ. ಪಕ್ಕದವರು ಏನು ಬರೆದ್ರು ಅಂತ ಇಣುಕ್ಬೇಡಿ, ಮೊದಲು ಎಲ್ಲರೂ ಬರೆದು ಮುಗಿಸಿ, ಆಮೇಲೆ ಮಾತು. ಒಬ್ಬ ಜೋರಾಗಿ "ಚಾಕ್ಲೇಟ್" ಅಂದ ಅಂದ್ರೆ ಮುಗೀತು, ಟೇಬಲ್ಲಲ್ಲಿ ಇರೋರಿಗೆಲ್ಲ ಚಾಕ್ಲೇಟೇ ಸಿಗತ್ತೆ.

ಆಮೇಲೆ ಬಾಯಿ

ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ಬಾಯಿಗೆ ಅಭ್ಯಾಸ ಆಗಕ್ಕೆ. ಎರಡನೇದು ಅರ್ಧ ಚಮಚದಷ್ಟು ತಗೊಂಡು ನಾಲಿಗೆ ಮೇಲೆ ಹತ್ತು ಸೆಕೆಂಡ್ ಓಡಾಡ್ಸಿ. ಮೂರು ವಿಷಯ ಬೇರೆ ಬೇರೆ ಬರೀರಿ: ಬಾಯಿಗೆ ಬಿದ್ದ ತಕ್ಷಣ ಏನು, ಮಧ್ಯದಲ್ಲಿ ಏನು, ನುಂಗಿದ ಮೇಲೋ ಉಗಿದ ಮೇಲೋ ಏನು ಉಳೀತು, ಎಷ್ಟು ಹೊತ್ತು ಉಳೀತು. ಚಹಾ ಜಾಸ್ತಿ ಕುದಿಸಿದಾಗ ಬಾಯಿ ಹಿಡ್ಕೊಳ್ಳೋ ಒಗರು ಇದ್ಯಾ ಅಂತಾನೂ ನೋಡಿ, ಅದು ಮರದ್ದು.

ಒರಿಜಿನಲ್‌ನಲ್ಲಿ ಸಾಮಾನ್ಯವಾಗಿ ಸಿಗೋದು ಕಿತ್ತಳೆ, ಜೇನು, ವೆನಿಲ್ಲಾ, ಬೇಗ ಹೋಗ್ಬಿಡೋ ಕೊನೆ. ಇದನ್ನ ಅಳತೆಗೋಲು ಮಾಡ್ಕೊಳ್ಳಿ, ಉಳಿದ ಮೂರನ್ನೂ "ಒರಿಜಿನಲ್‌ಗಿಂತ ಏನು ಜಾಸ್ತಿ, ಏನು ಕಾಣೆ" ಅಂತಲೇ ಬರೀರಿ. ಈ "ಏನು ಕಾಣೆ" ಅನ್ನೋದು ಬಹಳ ಮುಖ್ಯ, ಜನ ಸೇರಿದ್ದನ್ನ ಮಾತ್ರ ಬರೀತಾರೆ. ನೆಕ್ಟಾರ್‌ನಲ್ಲಿ ನಿಂಬೆ, ಶುಂಠಿ, ಜಾಕಾಯಿ ಬಂದು ಸೇರತ್ತೆ, ಒರಿಜಿನಲ್‌ನ ಹಣ್ಣು ಹಾಗೇ ಇರತ್ತೆ. ಲಸಾಂಟಾದಲ್ಲಿ ಒಣದ್ರಾಕ್ಷಿ, ಖರ್ಜೂರ, ಅಕ್ರೋಟು, ಇಲ್ಲಿ ಹೂವಿನ ಭಾಗ ಮಂಕಾಗತ್ತೆ. ಕ್ವಿಂಟಾ ರುಬಾನ್‌ನಲ್ಲಿ ಕಹಿ ಚಾಕ್ಲೇಟು, ಪುದೀನ, ಕಿತ್ತಳೆ ಇನ್ನೂ ಗಟ್ಟಿಯಾಗಿ, ಕೊನೆಗೆ ಒಗರು, ನನ್ನ ಪ್ರಕಾರ ನಾಲ್ಕರಲ್ಲಿ ಇದೇ ಗೆಲ್ಲೋದು, ಸಮಕ್ಕೆ ನೀರು ಹಾಕಿದ ಮೇಲೂ ಗೆಲ್ಲತ್ತೆ. ಲಸಾಂಟಾ ನಂಗೆ ಯಾವಾಗ್ಲೂ ಸ್ವಲ್ಪ ಅರೆಮನಸ್ಸಿನದ್ದು ಅನ್ಸತ್ತೆ, ಶೆರಿಯೂ ಪೂರ್ತಿ ಆಗಲ್ಲ, ಒರಿಜಿನಲ್ಲೂ ಉಳಿಯಲ್ಲ.

ಬಣ್ಣ ನೋಡಿ ಏನೂ ತೀರ್ಮಾನ ಮಾಡ್ಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಹಾಕಕ್ಕೆ ಕಾನೂನಲ್ಲೇ ಅವಕಾಶ ಇದೆ.

ನಿಜವಾಗ್ಲೂ ಗೊತ್ತಾಗ್ತಿದ್ಯಾ?

ಇದೊಂದು ಟೆಸ್ಟ್ ಬಿಟ್ರೆ ಉಳಿದಿದ್ದೆಲ್ಲ ಬರೀ ಮಾತು. ಬೇರೆ ದಿನ, ಮೂರು ಗ್ಲಾಸ್ ತಗೊಳ್ಳಿ, ತಳಕ್ಕೆ ನಂಬರ್ ಸ್ಟಿಕ್ಕರ್ ಅಂಟಿಸಿ, ಸುತ್ತ ಪೇಪರ್ ಸುತ್ತಿ (ಕ್ವಿಂಟಾ ರುಬಾನ್‌ಗೆ ಕೆಂಪು ಛಾಯೆ ಇದೆ, ನೋಡಿದ್ರೆ ಗೊತ್ತಾಗ್ಬಿಡತ್ತೆ). ಮನೇಲಿ ಕುಡೀದೇ ಇರೋರು ಯಾರಾದ್ರೂ ಎರಡರಲ್ಲಿ ಒಂದೇ ವಿಸ್ಕಿ, ಮೂರನೇದ್ರಲ್ಲಿ ಬೇರೆ ಸುರಿದು ಕೊಡ್ಲಿ, ಎಲ್ಲಾ 40% ಗೆ ಇಳಿಸಿದ್ದೇ ಆಗಿರ್ಲಿ. ಬೇರೆ ಇರೋದು ಯಾವುದು ಅಂತ ನೀವು ಹೇಳ್ಬೇಕು, ಅಷ್ಟೇ. ಸುಮ್ನೆ ಕಣ್ಮುಚ್ಚಿ ಹೇಳಿದ್ರೂ ಮೂರಕ್ಕೊಂದು ಸಲ ಸರಿ ಬರತ್ತೆ, ಅದಕ್ಕೆ ಒಂದ್ಸಲ ಗೆದ್ರೆ ಕುಣೀಬೇಡಿ, ಮೂರು ಸಲ ಸತತವಾಗಿ ಸರಿ ಹೇಳಿದ್ರೆ ಅದು ಅದೃಷ್ಟದಿಂದ ಆಗೋ ಚಾನ್ಸ್ 27ರಲ್ಲಿ 1, ಆಗ ನಂಬ್ಬಹುದು. 5 ಎಂಎಲ್ ಸುರಿದ್ರೆ ಸಾಕು ಇದಕ್ಕೆ, ಮೂಗಲ್ಲೇ ಮುಗಿಸ್ಬಹುದು.

ಪೀಪಾಯಿ ಆಯ್ತು, ಸ್ಪಿರಿಟ್ಟೇ ಬದಲಾದ್ರೆ?

ಇದು ಎರಡನೇ ಪಾಠ, ಇದಕ್ಕೆ ಸ್ಪ್ರಿಂಗ್‌ಬ್ಯಾಂಕ್ ಬಿಟ್ರೆ ಇಲ್ಲ. ಪಶ್ಚಿಮ ಸ್ಕಾಟ್ಲೆಂಡಿನ ಕಿಂಟೈರ್ ಅನ್ನೋ ಉದ್ದ ಮೂತಿಯಂಥ ಭೂಭಾಗದ ತುದಿ ಹತ್ರ ಕ್ಯಾಂಬೆಲ್‌ಟೌನ್, ಒಂದು ಕಾಲಕ್ಕೆ ಇಪ್ಪತ್ತಕ್ಕೂ ಮೇಲೆ ಡಿಸ್ಟಿಲರಿ ಇದ್ದ ಊರು. ಸ್ಪ್ರಿಂಗ್‌ಬ್ಯಾಂಕ್ 1828ರದ್ದು, ಇವತ್ತಿಗೂ ಮಿಚೆಲ್ ಕುಟುಂಬದ ಕಂಪನಿ ಕೈಯಲ್ಲೇ ಇದೆ, ಬಾರ್ಲಿ ನೆಲದ ಮೇಲೆ ಹರಡಿ ಮೊಳಕೆ ಬರಿಸೋದ್ರಿಂದ ಹಿಡಿದು ಬಾಟ್ಲಿಗೆ ತುಂಬೋ ತನಕ ಎಲ್ಲಾ ಒಂದೇ ಕಾಂಪೌಂಡಲ್ಲಿ. ಅದೇ ಸ್ಟಿಲ್‌ಗಳಲ್ಲಿ ಮೂರು ಬೇರೆ ಹೆಸರಿನ ವಿಸ್ಕಿ ಮಾಡ್ತಾರೆ. ಹೇಝಲ್‌ಬರ್ನ್‌ಗೆ ಬಾರ್ಲಿ ಒಣಗಿಸೋದು ಬರೀ ಬಿಸಿಗಾಳಿಯಲ್ಲಿ, ಮೂರು ಸಲ ಇಳಿಸ್ತಾರೆ. ಸ್ಪ್ರಿಂಗ್‌ಬ್ಯಾಂಕ್‌ಗೆ ಸುಮಾರು 6 ಗಂಟೆ ಪೀಟ್ ಹೊಗೆ, ಆಮೇಲೆ ಬಿಸಿಗಾಳಿ, ಸ್ಪಿರಿಟ್ಟಿನ ಒಂದು ಭಾಗ ಮಾತ್ರ ಮೂರನೇ ಸಲ ಹೋಗೋದ್ರಿಂದ ಎರಡೂವರೆ ಸಲ ಅಂತಾರೆ. ಲಾಂಗ್‌ರೋಗೆ 48 ಗಂಟೆ ತನಕ ಪೀಟ್ ಹೊಗೆ, ಎರಡೇ ಸಲ ಇಳಿಸೋದು. ಪೀಟ್ ಅಂದ್ರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಗಿಡ ಗಂಟೆ ಮಣ್ಣು, ಒಣಗಿಸಿ ಉರಿಸಿದ್ರೆ ಬರೋ ಹೊಗೆಯೇ ಆ ಆಸ್ಪತ್ರೆ-ಡಾಂಬರು ವಾಸನೆಗೆ ಕಾರಣ.

ಹೇಝಲ್‌ಬರ್ನ್ 10, ಸ್ಪ್ರಿಂಗ್‌ಬ್ಯಾಂಕ್ 10, ವಯಸ್ಸು ಹಾಕದ ಲಾಂಗ್‌ರೋ, ಮೂರೂ 46%, ಬಣ್ಣ ಹಾಕಲ್ಲ, ತಣ್ಣಗೆ ಸೋಸಲ್ಲ, ಹಾಗಾಗಿ ಸಿರಿಂಜೂ ಬೇಡ. ಇದೇ ಆರ್ಡರಲ್ಲಿ ಹೋಗಿ, ಇಲ್ಲಿ ಮಾತ್ರ ಉಲ್ಟಾ ರೌಂಡ್ ಮಾಡ್ಬೇಡಿ, ಲಾಂಗ್‌ರೋ ಹೊಗೆ ಬಾಯಿಗೆ ಬಂದ ಮೇಲೆ ಹೇಝಲ್‌ಬರ್ನ್ ನೀರು ಅನ್ಸತ್ತೆ. ಮೂರರಲ್ಲೂ ಹೊಗೆ ಬದಿಗಿಟ್ರೆ ಒಂದು ಉಪ್ಪುಪ್ಪು, ಎಣ್ಣೆಯಂಥ ದಪ್ಪ ಇದ್ದೇ ಇರತ್ತೆ, ಅದನ್ನ ಹುಡುಕೋದೇ ಇಲ್ಲಿನ ಕೆಲಸ. ಸಿಗೋದು ಕಷ್ಟ, ಸಿಕ್ಕಿದ್ರೂ ರೇಟ್ ಕೇಳಿದ್ರೆ ಕುಡೀದೇನೇ ತಲೆ ತಿರುಗತ್ತೆ, ಬಾರಲ್ಲಿ ಪೆಗ್ ಲೆಕ್ಕದಲ್ಲಿ ಸಿಕ್ಕಿದ್ರೆ ಬಿಡ್ಬೇಡಿ. ಹೇಝಲ್‌ಬರ್ನ್ ಅನ್ನೋದು ಅದೇ ಊರಲ್ಲಿ ಮುಚ್ಚಿಹೋದ ಹಳೇ ಡಿಸ್ಟಿಲರಿಯ ಹೆಸರು, ಜಪಾನಿ ವಿಸ್ಕಿಗೆ ಅಡಿಪಾಯ ಹಾಕಿದ ಮಸತಾಕಾ ತಾಕೆತ್ಸುರು 1920ರಲ್ಲಿ ಕೆಲಸ ಕಲಿತಿದ್ದು ಅಲ್ಲೇ.

ಬೆಂಗಳೂರಲ್ಲಿ ಕೂತು ಕಮ್ಮಿ ದುಡ್ಡಲ್ಲಿ ಇದೇ ಪಾಠ ಬೇಕು ಅಂದ್ರೆ ಅಮೃತ್ ಇದೆ. ಸ್ಕಾಚ್ ಅಲ್ಲ, ಆದ್ರೆ ಹೊಗೆ ಇಲ್ದೇ ಇರೋ ಇಂಡಿಯನ್ ಸಿಂಗಲ್ ಮಾಲ್ಟ್, ಪೀಟೆಡ್, ಎರಡೂ 46%, ಪಕ್ಕಪಕ್ಕ ಇಟ್ಟು ನೋಡಿ. ವಯಸ್ಸನ್ನ ಮಾತ್ರ ಸ್ಕಾಚ್ ಜೊತೆ ತೂಗ್ಬೇಡಿ, ಅಲ್ಲಿ ಪೀಪಾಯಿಂದ ವರ್ಷಕ್ಕೆ ಸುಮಾರು 2% ಆವಿಯಾದ್ರೆ ನಮ್ಮೂರ ಬಿಸಿಲಿಗೆ 10% ಮೇಲೆ ಹೋಗತ್ತೆ, ಇಲ್ಲಿನ ನಾಲ್ಕೈದು ವರ್ಷ ಅಲ್ಲಿನ ಲೆಕ್ಕಕ್ಕೆ ಸಿಗಲ್ಲ.

ಉಳಿದಿದ್ದನ್ನ ಇಡೋದು

ಖಾಲಿ ಗ್ಲಾಸುಗಳನ್ನ ಅವತ್ತೇ ತೊಳೀಬೇಡಿ, ಬೆಳಗ್ಗೆ ಎದ್ದು ಒಂದ್ಸಲ ಮೂಸಿ ನೋಡಿ, ಆಲ್ಕೋಹಾಲ್ ಹೋಗಿ ಪೀಪಾಯಿ ವಾಸನೆ ಮಾತ್ರ ಉಳಿದಿರತ್ತೆ, ಕೆಲವರಿಗೆ ವ್ಯತ್ಯಾಸ ಮೊದಲು ಸ್ಪಷ್ಟವಾಗೋದು ಆಗ್ಲೇ. ಬಾಟ್ಲಿ ವೈನ್ ಥರ ಮಲಗಿಸ್ಬೇಡಿ, ಆಲ್ಕೋಹಾಲ್ ಕಾರ್ಕನ್ನ ತಿಂದು ಹಾಕತ್ತೆ, ನೆಟ್ಟಗೆ ನಿಲ್ಸಿ, ಬಿಸಿಲು ಬೀಳದ ಕಡೆ. ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಆದಾಗ ಒಳಗಿನ ಗಾಳಿ ಜಾಸ್ತಿಯಾಗಿ ತಿಂಗಳುಗಳಲ್ಲಿ ಹಣ್ಣಿನ ವಾಸನೆ ಸಪ್ಪೆಯಾಗತ್ತೆ, ಮುಂದಿನ ಹೋಲಿಕೆಗೆ ಬೇಕು ಅಂದ್ರೆ ಸಣ್ಣ ಗಾಜಿನ ಬಾಟ್ಲಿಗೆ ಕತ್ತಿನ ತನಕ ತುಂಬಿ, ಹೆಸರು, ಶೇಕಡಾ, ತೆರೆದ ತಾರೀಕು ಬರೆದು ಅಂಟಿಸಿ. ಗಾಜಿನ ಕ್ವಾರ್ಟರ್ ಬಾಟ್ಲಿ ಚೆನ್ನಾಗಿ ತೊಳೆದು ಒಣಗಿಸಿದ್ರೂ ಆಯ್ತು, ಮೊದಲು ಅದ್ರಲ್ಲಿ ರಮ್ ಇತ್ತು ಅಂದ್ರೆ ಮಾತ್ರ ಬೇಡ, ಆ ವಾಸನೆ ಏನ್ಮಾಡಿದ್ರೂ ಹೋಗಲ್ಲ.